ಎದುರುಮನೆ ಅಕ್ಕನ ಖೆಡ್ಡಾ

ಅವರ ಕುತ್ತಿಗೆ ಬಲಕ್ಕೆ ತಿರುಗಿತ್ತು. ಹುಟ್ಟಿನಿಂದಲ್ಲ, ಕಾಯಿಲೆಯಿಂದಲೂ ಅಲ್ಲ. ಟಿ.ಟಿ. ಎಂಬ ಟೆಂಪೋ ಟ್ರಾವೆಲರ್ ಗಾಡಿಯ ತುಂಬ ಜನರನ್ನು ಕೂರಿಸಿಕೊಂಡು ಕಾಡಿಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಹಿಂದಿನವರ ಕಡೆ ತಿರುಗಿ ಮಾತಾಡಿ ಮಾತಾಡಿ ಅದು ಹಾಗೇ ನಿಂತುಬಿಟ್ಟಿತ್ತು. ಒಂಟಿಕೊಪ್ಪಲಿನ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗಲೂ ಮೈ ಬುಟ್ಟಿಯ ಕಡೆ, ಮುಖ ಬಲಭುಜದ ಮೇಲೆ. ಹೊಸಬರು ಇವರು ಯಾರನ್ನೋ ಕಾಯುತ್ತಿದ್ದಾರೆಂದು ತಿಳಿದು ತಾವೂ ಆ ಕಡೆ ನೋಡುತ್ತಿದ್ದರು.

ಇಷ್ಟು ಬರೆದ ಮೇಲೆ ಅನುಮಾನ ಬಂದು ಅವರ ಗಂಡನನ್ನು ಕೇಳಿದೆ. "ಕುತ್ತಿಗೆನಾ? ಚೆನ್ನಾಗೇ ಇತ್ತಲ್ಲಪ್ಪ" ಅಂದರು. ಅವರೇ ಆ ಗಾಡಿಯ ಡ್ರೈವರು. ವರ್ಷಗಟ್ಟಲೆ ಹೆಂಡತಿಯ ಬಲಕ್ಕೆ ಕೂತು ಸ್ಟೀರಿಂಗ್ ಹಿಡಿದವರು. ಮುಖ ಸದಾ ತಮ್ಮ ಕಡೆಗೇ ಇದ್ದದ್ದರಿಂದ ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ಅಥವಾ ನಾನೇ ಆ ಕುತ್ತಿಗೆಯನ್ನು ಇಲ್ಲದಷ್ಟು ತಿರುಗಿಸುತ್ತಿದ್ದೇನೆ. ಸತ್ತವರ ಬಗ್ಗೆ ಬರೆಯಲು ಕೂತರೆ ಮೊದಲು ಆಗುವ ಅನಾಹುತ ಇದೇ. ಇದ್ದಾಗ ನಾಲ್ಕು ದಿಕ್ಕಿಗೂ ಹರಡಿಕೊಂಡಿದ್ದ ಮನುಷ್ಯರು ಒಂದು ಒಳ್ಳೆಯ ವಾಕ್ಯಕ್ಕೆ ಬೇಕಾದಷ್ಟೇ ಆಗಿಬಿಡುತ್ತಾರೆ.

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಮಕ್ಕಳಿಗೆ ಕಾಡಾಂಟಿ, ದೊಡ್ಡವರಿಗೆ ಟೂರಮ್ಮ, ನನಗೆ ಎದುರುಮನೆ ಅಕ್ಕ. ಶನಿವಾರ ಭಾನುವಾರಗಳಲ್ಲಿ ಬೆಳಕು ಹರಿಯುವ ಮೊದಲೇ ಅವರ ಮನೆ ಮುಂದೆ ಗಾಡಿ ಗುರುಗುಟ್ಟುತ್ತಿತ್ತು. ಪುಳಿಯೋಗರೆಯ ಡಬ್ಬಿ, ಮೊಸರನ್ನದ ಡಬ್ಬಿ, ನೀರಿನ ಕ್ಯಾನು. ಆಮೇಲೆ ಜನ: ನಿವೃತ್ತ ಬ್ಯಾಂಕಿನವರು, ಮದುವೆಗೆ ಬಂದು ಒಂದು ದಿನ ಹೆಚ್ಚಿಗೆ ಉಳಿದವರು, ಮಹಿಳಾ ಸಮಾಜದವರು, ಯೋಗ ಕಲಿಯಲು ಮೈಸೂರಿಗೆ ಬಂದ ಹೊರಗಿನವರು. ಮಾನಂದವಾಡಿ ರಸ್ತೆ ಹಿಡಿದು, ಎಚ್.ಡಿ. ಕೋಟೆ ದಾಟಿ, ಕಾಕನಕೋಟೆ ಕಾಡು. ಸಂಜೆಗೆ ವಾಪಸ್ಸು. ಒಂದು ಸೀಟು ಖಾಲಿ ಬಿದ್ದರೆ ನನ್ನ ಬಾಗಿಲು ಬಡಿಯುತ್ತಿದ್ದರು.

"ಬಾರಪ್ಪ, ಗಾಡಿ ಸುಮ್ನೆ ಹೋಗುತ್ತೆ. ಮನೇಲಿ ಕೂತು ಏನ್ ಕಡಿದು ಕಟ್ಟೆ ಹಾಕ್ತಿದೀಯ?"

"ಬರೀತಿದೀನಿ ಅಕ್ಕ."

"ಬರಿಯೋಕೆ ಏನಾದ್ರೂ ನೋಡಿರ್‌ಬೇಕಲ್ಲ. ಬಾ."

ಆ ಕಾಡಿನಲ್ಲಿ ನೋಡಲು ಏನೇನಿದೆ ಎಂಬುದರ ಬಗ್ಗೆ ಅಕ್ಕನಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ಕಾಡಂಚಿನ ಊರಿನಲ್ಲಿ ಹುಣಿಸೆಮರದ ಬುಡಕ್ಕೆ ಒರಗಿಸಿದ ವೀರಗಲ್ಲು. ಸಾಲಾಗಿ ನೆಟ್ಟ ತೇಗ. ಅದು ಕಾಡಲ್ಲ, ಸರ್ಕಾರದ ತೋಟ ಎಂದು ಅಲ್ಲೇ ಹೇಳುತ್ತಿದ್ದರು. ಹೂಬಿಟ್ಟು ಒಟ್ಟಿಗೇ ಸತ್ತ ಬಿದಿರಿನ ಮೆಳೆಗಳು. ಕಬಿನಿ ಹಿನ್ನೀರಿನಲ್ಲಿ ನಿಂತೇ ಸತ್ತ ಮರಗಳು, ಅವುಗಳ ತುದಿಯಲ್ಲಿ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಗಳು. ಎಲ್ಲಕ್ಕಿಂತ ಮೇಲೆ ಖೆಡ್ಡಾ: ಮಹಾರಾಜರ ಕಾಲದಿಂದ ಕಾಡಾನೆಗಳ ಹಿಂಡನ್ನೇ ಹೊಳೆ ದಾಟಿಸಿ, ಕಂದಕದ ಒಳಗೆ, ಮರದ ಕಂಬಗಳ ಕೋಟೆಗೆ ಕೆಡವಿ ಹಿಡಿಯುತ್ತಿದ್ದ ಜಾಗ.

ಕಾಡಿನ ಬುಡಕಟ್ಟಿನವರ ಹಾಡಿಯ ಪಕ್ಕ ಹೋಗುವಾಗ ಮಾತ್ರ ಅವರು ಏನನ್ನೂ ತೋರಿಸುತ್ತಿರಲಿಲ್ಲ. ಯಾರಾದರೂ ಕ್ಯಾಮೆರಾ ಎತ್ತಿದರೆ, "ಅದು ಜನರ ಮನೆ ಕಣ್ರೀ, ನೋಡೋ ಜಾಗ ಅಲ್ಲ. ನಿಮ್ಮನೆ ಬಚ್ಚಲ ಕಿಟಕಿ ಮುಂದೆ ನಾನು ಟಿ.ಟಿ. ನಿಲ್ಸಿದ್ರೆ ಎಂಗಿರುತ್ತೆ?" ಅನ್ನುತ್ತಿದ್ದರು.

ಬಂದವರಿಗೆ ಇದು ಯಾವುದೂ ಬೇಕಿರಲಿಲ್ಲ. ಹುಲಿ ಬೇಕಿತ್ತು. ಅಕ್ಕ ವೀರಗಲ್ಲಿನ ಮೇಲಿನ ಕೆತ್ತನೆಗೆ ಬೆರಳಿಟ್ಟು, ಈತ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನು, ಮೇಲಿನ ಪಟ್ಟಿಯಲ್ಲಿ ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ ನೋಡಿ ಎನ್ನುವಾಗ ಹಿಂದಿನಿಂದ ಒಬ್ಬರು, "ಮೇಡಂ, ಸಫಾರಿಗೆ ಲೇಟಾಗಲ್ವಾ?" ಎಂದು ಕೇಳಿಯೇ ಕೇಳುತ್ತಿದ್ದರು. ಅರಣ್ಯ ಇಲಾಖೆಯ ಬಸ್ಸಿನಲ್ಲಿ ಕಾಡು ಸುತ್ತಿ ಬಂದ ಮೇಲೆ ಅದೇ ಜನ ಮುಖ ಇಳಿಬಿಟ್ಟುಕೊಂಡು, ಫೋನ್ ಮಾಡಿದ ಮನೆಯವರಿಗೆ, "ಏನೂ ಕಾಣ್ಲಿಲ್ಲ" ಅನ್ನುತ್ತಿದ್ದರು.

ಆ ಮಾತು ಕೇಳಿದರೆ ಅಕ್ಕನ ಮೈ ಉರಿಯುತ್ತಿತ್ತು. ಅದಕ್ಕೇ ಇಲವಾಲದ ಕಾಫಿ. ವಾಪಸ್ಸು ಬರುವಾಗ ಹೋದ ದಾರಿಯಲ್ಲಿ ಬರದೆ ಹುಣಸೂರಿಗೆ ಸುತ್ತಿಕೊಂಡು ಇಲವಾಲದ ಮೇಲೆ ಬರುತ್ತಿದ್ದರು. ಅಲ್ಲೊಂದು ಸಣ್ಣ ಹೋಟೆಲಿನ ಮುಂದೆ ಎಲ್ಲರನ್ನೂ ಇಳಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಕಂಡದ್ದು ಒಂದನ್ನು ಹೇಳಬೇಕು, ಆಮೇಲೆ ಕಾಫಿ. ಹೇಳದವರಿಗೆ ಇಲ್ಲ. ಹುಲಿ, ಆನೆ, ಜಿಂಕೆ ನಡೆಯುವುದಿಲ್ಲ.

"ನವಿಲು" ಅಂದರು ಒಮ್ಮೆ ಒಬ್ಬ ಬ್ಯಾಂಕಿನವರು.

"ನವಿಲು ಮಾನಸಗಂಗೋತ್ರೀಲೂ ಐತೆ. ಬೇರೆ ಹೇಳಿ."

"ಮತ್ತೇನು, ಮಣ್ಣು ಕಂಡೆ ಕಣಮ್ಮ. ಹೊಟ್ಟೆ ತುಂಬ ಧೂಳು ಕುಡಿದೆ."

"ಯಾವ ಬಣ್ಣದ ಮಣ್ಣು?"

ಅವರು ಯೋಚಿಸಿದರು. "ಗೇಟಿನ ಹತ್ರ ಕೆಂಪು. ನೀರಿನ ಹತ್ರ ಕಪ್ಪು."

"ಕೊಡಪ್ಪ ಇವರಿಗೆ ಕಾಫಿ" ಅಂದರು ಅಕ್ಕ. ಗಂಡ ಗಾಡಿಗೆ ಒರಗಿಕೊಂಡು, "ಇವ್ಳಿಗೆ ಮೇಷ್ಟ್ರ ಕೆಲಸ ಸಿಕ್ಕಿದ್ರೆ ಮಕ್ಳು ಉಪವಾಸ ಸಾಯ್ತಿದ್ವು" ಅಂದರು. ಅವರಿಗೆ ಆ ಸುತ್ತುದಾರಿಯ ಬಗ್ಗೆ ಕೊನೆಯವರೆಗೂ ಸಿಟ್ಟಿತ್ತು.

ಬರುವ ಜನಕ್ಕೆ ಹಂಚಲು ಒಂದು ಹಾಳೆ ಬರೆದುಕೊಡು ಎಂದು ಅಕ್ಕ ಒಮ್ಮೆ ನನ್ನನ್ನು ಕೇಳಿದರು. ಕಾಡಿನಲ್ಲಿ ನೋಡಬೇಕಾದ ಜಾಗಗಳು, ಎರಡು ಪುಟ. ನಾನು ವಾರ ಕೂತು ಬರೆದೆ. ಅವರು ಮೆಟ್ಟಿಲ ಮೇಲೆ ಕೂತು ಓದಿದರು. ತುಟಿ ಅಲ್ಲಾಡುತ್ತಿತ್ತು.

"ಕಾಡು ತನ್ನನ್ನು ತಾನೇ ಮರೆಯುವ ಒಂದು ವಾಕ್ಯ. ಏನಿದು?"

"ಅದೊಂದು ರೀತಿ..."

"ನಿನ್ನ ಬರಹ ಹಿಡ್ಕೊಂಡು ಹೋದ್ರೆ ಜನ ದಾರಿ ತಪ್ಪಿ ಕೇರಳಕ್ಕೆ ಹೋಯ್ತಾರೆ ಕಣಪ್ಪ. ಲೇಡೀಸ್ ಟಾಯ್ಲೆಟ್ ಎಲ್ಲೈತೆ ಅಂತ ಮೊದ್ಲು ಬರಿ."

ಆ ಹಾಳೆ ಆಗಲೇ ಇಲ್ಲ. ಅವರು ಬೇಡವೆಂದದ್ದೋ, ನಾನು ಮುನಿಸಿಕೊಂಡದ್ದೋ, ಈಗ ಹೇಳಲಾರೆ. ಆ ವಾಕ್ಯವಂತೂ ಕೆಟ್ಟದ್ದಾಗಿತ್ತು.

ಖೆಡ್ಡಾ ಕಥೆ ಮಾತ್ರ ಎಲ್ಲರನ್ನೂ ಹಿಡಿದು ಕೂರಿಸುತ್ತಿತ್ತು. ಹುಲಿಯ ಜಪದವರೂ ಫೋನು ಕೆಳಗಿಡುತ್ತಿದ್ದರು. ಅಕ್ಕ ನಜರ್‌ಬಾದಿನ ಮಗಳು. ಅಪ್ಪನದು ಅಲ್ಲಿ ಗೋಲಿಸೋಡದ ಅಂಗಡಿ. ಕೊನೆಯ ಖೆಡ್ಡಾ ನಡೆದಾಗ ನೋಡಲು ಬಂದ ಸಾವಿರಾರು ಜನರಿಗೆ ಸೋಡ ಮಾರಲು ಅಪ್ಪ ಕಾಕನಕೋಟೆಯಲ್ಲಿ ಪೆಟ್ಟಿಗೆ ಅಂಗಡಿ ಹಾಕಿದ್ದರಂತೆ. ಪುಟ್ಟ ಮಗಳನ್ನೂ ಕರೆದುಕೊಂಡು ಹೋಗಿದ್ದರಂತೆ. ಅಪ್ಪನ ಹೆಗಲ ಮೇಲೆ ಕೂತು ಕಂಡದ್ದನ್ನು ಅಕ್ಕ ಹೇಳುತ್ತಿದ್ದರು. ತಮಟೆ, ಕೂಗು, ಹೊಳೆಯಲ್ಲಿ ತಲೆ ಮಾತ್ರ ಕಾಣುವ ಆನೆಗಳು, ದಡ ಹತ್ತುವಾಗ ಮರಿಯನ್ನು ಎರಡು ತಾಯಂದಿರು ನಡುವೆ ಒತ್ತಿಕೊಂಡದ್ದು, ಆಮೇಲೆ ಆನೆಗಳ ಹಿಂದೆ ದಿಡ್ಡಿಬಾಗಿಲು ಬಿದ್ದ ಸದ್ದು. ಆ ಸದ್ದು ಹೇಳುವಾಗ ಗಾಡಿಯ ಡ್ಯಾಶ್‌ಬೋರ್ಡಿಗೆ ಅಂಗೈಯಿಂದ ಒಂದು ಹೊಡೆಯುತ್ತಿದ್ದರು. ಗಂಡ ಪ್ರತಿಸಲ ಬೆಚ್ಚುತ್ತಿದ್ದರು.

ಕಥೆ ಮುಗಿಯುವ ಹೊತ್ತಿಗೆ ಸರಿಯಾಗಿ ಗಾಡಿ ಕಾಡಂಚಿನಲ್ಲಿ ಒಂದು ಕಡೆ ನಿಲ್ಲುತ್ತಿತ್ತು. ರಸ್ತೆಯ ಪಕ್ಕ ಆಳವಾದ ಕಂದಕ. ಅಂಚಿನಲ್ಲಿ ಲಂಟಾನ ಬೆಳೆದು, ಗೋಡೆಗೆ ಬೇರು ಇಳಿದು, ನೋಡಿದರೆ ನೂರು ವರ್ಷದ್ದು ಅನ್ನಬೇಕು. "ಇದೇ ನೋಡಿ, ಖೆಡ್ಡಾ ಕಂದಕ" ಅನ್ನುತ್ತಿದ್ದರು ಅಕ್ಕ. ಜನ ಇಳಿದು ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದರು. ಒಬ್ಬ ಅಜ್ಜಿ ಒಮ್ಮೆ ಚಪ್ಪಲಿ ಬಿಟ್ಟು ಕೈ ಮುಗಿದದ್ದು ನನಗೆ ನೆನಪಿದೆ.

ಒಂದು ಭಾನುವಾರ ಗಾಡಿಯಲ್ಲಿ ಅರಣ್ಯ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದರು. ಸೌಮ್ಯ ಮನುಷ್ಯ, ಹೆಂಡತಿಯ ಜತೆ ಬಂದಿದ್ದರು. ದಾರಿಯುದ್ದಕ್ಕೂ ಒಂದು ಮಾತಾಡಿರಲಿಲ್ಲ. ಕಂದಕದ ಹತ್ತಿರ ಎಲ್ಲರೂ ಇಳಿದಾಗ ಅವರೂ ಇಳಿದರು. ಅಕ್ಕನ ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಈ ಟ್ರಂಚ್ ತೋಡಿಸಿದ್ದು ನಾನೇ."

"ಏನಂದ್ರಿ?"

"ಆನೆ ಹೊಲಕ್ಕೆ ಬರದ ಹಾಗೆ ತೋಡೋದು. ಕಾಡಿನ ಸುತ್ತ ಇದೆಯಲ್ಲ, ಅದೇ. ಜೆಸಿಬೀಲಿ ತೋಡಿಸಿದ್ದು. ಖೆಡ್ಡಾ ಇಲ್ಲಿ ಆಗಿಲ್ಲ. ಅದು ಹೊಳೆ ಕಡೆ. ಈಗ ಬಹುಪಾಲು ಹಿನ್ನೀರಿನ ಕೆಳಗೆ."

ಅಕ್ಕ ಕಂದಕವನ್ನು ನೋಡಿದರು. ಆ ಮನುಷ್ಯನನ್ನು ನೋಡಿದರು. "ಹತ್ತಿ ಎಲ್ಲಾರೂ, ಹೊತ್ತಾಯ್ತು" ಅಂದರು.

ಹುಣಸೂರು ಬರುವವರೆಗೂ ಅವರು ಮುಂದಕ್ಕೇ ನೋಡುತ್ತ ಕೂತಿದ್ದರು. ಇಲವಾಲದಲ್ಲಿ ಗಾಡಿ ನಿಂತಿತು, ಆದರೆ ಯಾರನ್ನೂ ಏನೂ ಕೇಳಲಿಲ್ಲ. ಎಲ್ಲರಿಗೂ ಕಾಫಿ ಸಿಕ್ಕಿತು. ಇದನ್ನು ನಾನು ಬಹಳ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಕೇಳುವವರು ನಗುತ್ತಾರೆ. ಅಕ್ಕ ನಗಲಿಲ್ಲ. ಅವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಎಷ್ಟೋ ವರ್ಷ, ಎಷ್ಟೋ ಗಾಡಿ ಜನ, ಎಲ್ಲರಿಗೂ ಜೆಸಿಬಿಯ ಗುಂಡಿ ತೋರಿಸಿ ಕೈ ಮುಗಿಸಿದ್ದೇನೆ ಎಂದು ನನ್ನ ಮುಂದೆ ಹೇಳಿಕೊಂಡರು.

"ಬುಡು, ಯಾರಿಗೆ ಗೊತ್ತಾಯ್ತದೆ" ಅಂದರು ಗಂಡ. "ಗುಂಡಿ ಗುಂಡೀನೇ. ಅಂಗೇ ಇರ್ಲಿ."

"ನಂಗೆ ಗೊತ್ತಾಯ್ತಲ್ಲ."

ಮುಂದಿನ ಭಾನುವಾರ ನಾನೂ ಹೋದೆ. ಏನು ಮಾಡುತ್ತಾರೋ ಎಂಬ ಕುತೂಹಲ. ಗಂಡ ಕಂದಕದ ಹತ್ತಿರ ವೇಗ ಇಳಿಸದೆ ಹಾದುಹೋಗಲು ನೋಡಿದರು. ಅಕ್ಕ ನಿಲ್ಲಿಸಿದರು. ಎಲ್ಲರನ್ನೂ ಇಳಿಸಿ, ಅಂಚಿಗೆ ನಿಲ್ಲಿಸಿ, ಹೇಳಿದರು: "ಇದನ್ನ ಇಷ್ಟು ದಿನ ಖೆಡ್ಡಾ ಕಂದಕ ಅಂತ ತೋರಿಸ್ತಿದ್ದೆ. ಅಲ್ಲ ಇದು. ಆಗ ಆನೆ ಹಿಡಿಯೋಕೆ ತೋಡ್ತಿದ್ರು. ಈಗ ಆನೆ ಬರದಂಗೆ ತೋಡ್ತಾರೆ. ಇದು ಈಗಿನದು."

ಮಹಿಳಾ ಸಮಾಜದ ಒಬ್ಬರು, "ಹಂಗಾದ್ರೆ ಇಲ್ಲ್ಯಾಕ್ರೀ ನಿಲ್ಸಿದ್ರಿ?" ಅಂದರು. ಗುಂಪಿನಲ್ಲಿ ನಗು ಎದ್ದಿತು. ಅಕ್ಕನ ಆ ಕೊನೆಯ ಮೂರು ವಾಕ್ಯಗಳನ್ನು ನಾನು ಬರೆಯಲು ವರ್ಷಗಟ್ಟಲೆ ಒದ್ದಾಡಬೇಕಿತ್ತು. ಅವು ಬಿದ್ದದ್ದು ಇಂಥ ಜನರ ಕಾಲ ಬುಡದಲ್ಲಿ. ಈಗಲೂ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

ಅಂದಿನಿಂದ ಅಕ್ಕ ಖೆಡ್ಡಾ ಕಥೆ ನಿಲ್ಲಿಸಿದರು. "ನಿಜವಾದ ಜಾಗ ಎಲ್ಲೈತೋ ಕಣ್ಣಾರೆ ನೋಡ್ಬೇಕು. ನೋಡೋವರೆಗೂ ಆ ಮಾತು ಎತ್ತಲ್ಲ" ಅಂದರು. ನಾನು ಅದನ್ನು ಎರಡು ವಾರದ ಸಿಟ್ಟು ಅಂದುಕೊಂಡೆ. ಆದರೆ ಎತ್ತಲೇ ಇಲ್ಲ. ಹಳಬರು ಕೇಳಿದರೆ, "ಆಮೇಲೆ, ಆಮೇಲೆ" ಅನ್ನುತ್ತಿದ್ದರು. ಅವರ ಗಾಡಿಗೆ ಜನ ಬರುತ್ತಿದ್ದದ್ದೇ ಆ ಕಥೆಗೆ. ವೀರಗಲ್ಲು, ಬಿದಿರು, ನೀರುಕಾಗೆ ಎಂದರೆ ಎಷ್ಟು ಜನ ಬಂದಾರು? ಗಾಡಿಯಲ್ಲಿ ಖಾಲಿ ಸೀಟು ಹೆಚ್ಚುತ್ತ ಹೋಯಿತು, ನನ್ನ ಬಾಗಿಲು ಬಡಿಯುವುದೂ ಹೆಚ್ಚಿತು.

ಜಾಗ ಹುಡುಕುವ ಕೆಲಸದಲ್ಲಿ ಅವರ ಜತೆ ಓಡಾಡಿದವನು ನಾನು. ಒಂದು ಕಚೇರಿಯಲ್ಲಿ ಎಳೆಯ ಅಧಿಕಾರಿ, "ಯಾವ ಖೆಡ್ಡಾ? ಆ ಹೆಸರಿನ ರೆಸಾರ್ಟಾ?" ಎಂದು ಕೇಳಿದ. ಇನ್ನೊಂದರಲ್ಲಿ, ಒಳಗೆ ಇಳಿಯುವಂತಿಲ್ಲ, ನಡೆಯುವಂತಿಲ್ಲ, ಬೇಕಾದರೆ ದೋಣಿ ಸಫಾರಿಗೆ ಹೋಗಿ ದೂರದಿಂದ ನೋಡಿ ಅಂದರು. ಎಲ್ಲಿ ನೋಡಬೇಕು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ನಿಯಮ ಸರಿಯಾದದ್ದೇ, ಕಂಡ ಕಂಡವರು ಕಾಡೊಳಗೆ ಇಳಿದು ಓಡಾಡಿದರೆ ಕಾಡು ಉಳಿಯುವುದಿಲ್ಲ. ಅಕ್ಕನೂ ಅದನ್ನು ಒಪ್ಪುತ್ತಿದ್ದರು. ಒಪ್ಪಿಕೊಂಡೇ ಆಟೋದಲ್ಲಿ ಬೈದುಕೊಳ್ಳುತ್ತ ಬರುತ್ತಿದ್ದರು. "ಹುಲಿ ತೋರ್ಸೋಕೆ ದಿನಾ ಅಷ್ಟು ಬಸ್ಸು ಬಿಡ್ತಾರೆ. ಒಂದ್ ಕಂಬ ತೋರ್ಸೋಕೆ ಒಬ್ಬ ಇಲ್ಲ."

ಕೊನೆಗೆ ದಾರಿ ಹೇಳಿದವರು ಹಾಡಿಯ ಒಬ್ಬ ಮುದುಕರು. ಅವರ ಅಪ್ಪ ಖೆಡ್ಡಾದಲ್ಲಿ ಆನೆ ಅಟ್ಟುವವರಲ್ಲಿ ಇದ್ದವರು. ಹಾಡಿಯ ಒಳಗೆ ಹೋಗದೆ, ರಸ್ತೆಯ ಪಕ್ಕದ ಟೀ ಅಂಗಡಿಯಲ್ಲಿ ಕಾದು ಕೂತು ಅಕ್ಕ ಅವರನ್ನು ಮಾತಾಡಿಸಿದರು. ಹಿನ್ನೀರಿನಲ್ಲಿ ದೋಣಿ ಹೋಗುವಾಗ ಎರಡನೆಯ ತಿರುವು ದಾಟಬೇಕು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದಾಗ ಎಡದಂಡೆಯ ಕೆಸರಿನಲ್ಲಿ ಕಂಬದ ಮೋಟುಗಳು ಸಾಲಾಗಿ ಏಳುತ್ತವೆ ಅಂದರು ಅವರು. ಮಳೆ ಬಿದ್ದರೆ ಮತ್ತೆ ಮುಳುಗುತ್ತವೆ. "ಅಲ್ಲೇನೈತೆ ನೋಡಾಕೆ ಅವ್ವ?" ಎಂದು ಕೇಳಿದರು. ಅಕ್ಕ ಅವರಿಗೆ ಇನ್ನೊಂದು ಟೀ ಹೇಳಿದರು.

ಮೊದಲ ಬೇಸಿಗೆ ನೀರು ಅಷ್ಟು ಇಳಿಯಲೇ ಇಲ್ಲ. ಎರಡನೆಯ ಬೇಸಿಗೆ ಇಳಿಯಿತು, ಆದರೆ ಕಾಡಿಗೆ ಬೆಂಕಿ ಬಿದ್ದು ಸಫಾರಿ ನಿಲ್ಲಿಸಿದರು. ತೆರೆಯುವ ಹೊತ್ತಿಗೆ ಮಳೆ. ಮೂರನೆಯದಕ್ಕೆ ಎಲ್ಲ ಕೂಡಿಬಂತು. ಅಕ್ಕ ತಮ್ಮ ಗಾಡಿ ಜನರನ್ನೂ ನನ್ನನ್ನೂ ಕರೆದುಕೊಂಡು ದೋಣಿ ಹತ್ತಿದರು. ಮುಂದಿನ ಮೂಲೆಯ ಜಾಗ ಹಿಡಿದರು. ಹೊಸ ಸೀರೆ ಉಟ್ಟಿದ್ದರು ಎಂದು ಬರೆಯಬೇಕೆನಿಸುತ್ತದೆ. ಯಾವ ಸೀರೆಯೋ ನೆನಪಿಲ್ಲ. ಲೈಫ್ ಜಾಕೆಟ್ಟಿನ ಕಿತ್ತಳೆ ಬಣ್ಣ ಮಾತ್ರ ನೆನಪಿದೆ. ಅದರ ಪಟ್ಟಿ ಅವರಿಗೆ ಸಾಲದೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಮೊದಲ ತಿರುವು ದಾಟಿತು. ನೀರು ಹಿಂದೆ ಸರಿದ ಕಡೆಯೆಲ್ಲ ಹಸಿರು ಹುಲ್ಲು ಎದ್ದಿತ್ತು, ಆನೆಗಳು ಗುಂಪು ಗುಂಪಾಗಿ ಮೇಯುತ್ತಿದ್ದವು. ಅಕ್ಕ ದೋಣಿಯವನಿಗೆ ಮೊದಲೇ ಹೇಳಿಟ್ಟಿದ್ದರು. ಅವನು ಆಗಲಿ ಅಂದಿದ್ದ. ಎರಡನೆಯ ತಿರುವಿನ ಮೂಗು ಕಾಣಿಸಿತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಉಸಿರು ಬಿಗಿಹಿಡಿದು, "ಟೈಗರ್" ಅಂದರು.

ಬಲದಂಡೆಯಲ್ಲಿ ಹುಲಿ ನೀರಿಗೆ ಇಳಿದು ಕೂತಿತ್ತು. ದೋಣಿಯೇ ಆ ಕಡೆ ವಾಲಿತು. ದೋಣಿಯವನು ಎಂಜಿನ್ ತಗ್ಗಿಸಿ ಬಲಕ್ಕೆ ತಿರುಗಿಸಿದ.

"ಅಪ್ಪಾ, ಆ ತಿರುವು" ಅಂದರು ಅಕ್ಕ.

"ಶ್" ಅಂದರು ಮಹಿಳಾ ಸಮಾಜದವರು.

"ಇಷ್ಟೇ ದೂರ ಕಣಪ್ಪ. ನೋಡ್ಕೊಂಡು ವಾಪಸ್ ಬಾ, ಹುಲಿ ಎಲ್ಲೋಯ್ತದೆ."

"ಆಂಟಿ, ಪ್ಲೀಸ್ ಸುಮ್ನಿರಿ" ಅಂದ ಉದ್ದನೆಯ ಲೆನ್ಸಿನವನೊಬ್ಬ. "ಎಷ್ಟು ದೂರದಿಂದ ಬಂದಿದೀವಿ ಗೊತ್ತಾ?"

ಹುಲಿ ಅರ್ಧ ಗಂಟೆಯಾದರೂ ಏಳಲಿಲ್ಲ. ನಾನೂ ನೋಡಿದೆ, ನೋಡದೆ ಇರಲು ಬಿಡುವ ಪ್ರಾಣಿಯಲ್ಲ ಅದು. ಅದು ಎದ್ದು ಮೈ ಕೊಡವಿ ಲಂಟಾನದೊಳಗೆ ಹೋದ ಮೇಲೆ ದೋಣಿಯವನು ಗಡಿಯಾರ ನೋಡಿ, "ಟೈಮಾಯ್ತಮ್ಮ. ಲೇಟಾದ್ರೆ ನನ್ನ ಕೆಲಸ ಹೋಯ್ತದೆ" ಅಂದ. ಅವನು ಹೇಳಿದ್ದೂ ನಿಜ. ಈ ಕಥೆಯಲ್ಲಿ ಬೈಯಲು ಸರಿಯಾದ ಒಬ್ಬ ಮನುಷ್ಯ ಸಿಗುವುದಿಲ್ಲ. ಅದೇ ಕಷ್ಟ.

ದೋಣಿ ತಿರುಗಿತು. ಎಲ್ಲರೂ ತಂತಮ್ಮ ಫೋನಿನಲ್ಲಿ ಹುಲಿಯನ್ನು ಇನ್ನೊಮ್ಮೆ ನೋಡುತ್ತಿದ್ದರು. ಅಕ್ಕ ಹಿಂದೆ ಸರಿಯುತ್ತಿದ್ದ ತಿರುವನ್ನೇ ನೋಡುತ್ತ ನನಗೆ ಮಾತ್ರ ಕೇಳುವಂತೆ ಹೇಳಿದರು.

"ಅವತ್ತೂ ನಾನೇನೂ ನೋಡಿಲ್ಲ ಕಣಪ್ಪ."

"ಯಾವತ್ತು?"

"ಖೆಡ್ಡಾ ದಿನ. ಹೆಗಲ ಮೇಲೆ ಎಲ್ಲಿ ಕೂರ್ಸ್ಕೊಂಡಾರು, ಅಪ್ಪನಿಗೆ ಸೋಡ ಒಡೆಯೋಕೇ ಕೈ ಸಾಲ್ತಿರ್‌ಲಿಲ್ಲ. ಜನ ತುಳಿದ್ಬುಟ್ಟಾರು ಅಂತ ನನ್ನ ಟೇಬಲ್ ಕೆಳಗೆ ಕೂರ್ಸಿದ್ರು. ಗೋಣಿತಾಟು ಇಳಿಬಿಟ್ಟಿದ್ರು. ಕಂಡದ್ದು ಬರೀ ಕಾಲು. ಬೂಟು, ಚಪ್ಪಲಿ, ಬರಿಗಾಲು. ಎಲ್ಲಾರೂ ಬಂತು ಬಂತು ಅಂತ ಕೂಗ್ತಿದ್ರು. ಬಾಗಿಲು ಬಿದ್ದದ್ದು ಮಾತ್ರ ಕೇಳ್ತು. ನೆಲ ಅದುರ್ತು."

"ಮತ್ತೆ ಮರಿಯಾನೆ? ಎರಡು ತಾಯಂದಿರು?"

"ಅಪ್ಪ ಯಾರಿಗೋ ಹೇಳ್ತಿದ್ರು. ಅಪ್ಪನೂ ನೋಡಿದ್ರೋ ಇಲ್ವೋ."

ಇಲ್ಲಿಗೆ ಎಲ್ಲ ಚೆನ್ನಾಗಿ ಕೂಡಿಕೊಂಡಿತು ಎಂದು ಓದುವವರಿಗೆ ಅನ್ನಿಸಬಹುದು. ಮೇಜಿನ ಕೆಳಗೆ ಕೂತ ಮಗು ದೊಡ್ಡವಳಾಗಿ ಊರಿಗೆಲ್ಲ ಕಾಡು ತೋರಿಸಿದಳು, ಕಾಣಲಿಲ್ಲ ಅಂದವರ ಮೇಲೆ ರೇಗಿದಳು ಎಂದು. ನನಗೆ ಹಾಗೆ ಮಡಚಿಡಲು ಮನಸ್ಸಿಲ್ಲ. ಅಕ್ಕ ಆ ಮಾತನ್ನು ಯಾವುದಕ್ಕೂ ಕಾರಣವೆಂದು ಹೇಳಲಿಲ್ಲ. ಜಾಕೆಟ್ಟಿನ ಪಟ್ಟಿ ಬಿಗಿಯಾಗಿ ಹಿಡಿದುಕೊಂಡು, ಬಹಳ ಸಿಟ್ಟಿನಲ್ಲಿ ಹೇಳಿದರು. ಅಷ್ಟೇ ನನಗೆ ಗೊತ್ತು. ಆ ಸಿಟ್ಟು ಅಪ್ಪನ ಮೇಲೋ, ಹುಲಿಯ ಮೇಲೋ, ಇಷ್ಟು ವರ್ಷ ಆ ಹೆಗಲ ಕಥೆಯನ್ನು ನಂಬಿ ಕೂತಿದ್ದ ನಮ್ಮ ಮೇಲೋ ತಿಳಿಯಲಿಲ್ಲ.

"ಮುಂದಿನ ಬೇಸಿಗೆ ನಾವಿಬ್ರೇ ಬರೋಣ" ಅಂದೆ.

"ಮುಂದಿನ ಬೇಸಿಗೆ ನೀರು ಇಳಿಯುತ್ತೆ ಅಂತ ಕಬಿನಿ ನಿಂಗೆ ಹೇಳೈತಾ?" ಅಂದರು.

ಆ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಸುಕು ಹಾಕಿದ್ದರು. ನಾನು ಹೋದಾಗ ಅದನ್ನು ಪಕ್ಕಕ್ಕೆ ಸರಿಸಿ ಏನೋ ಕೇಳಿದರು, ನರ್ಸ್ ಗದರಿಸಿ ಮತ್ತೆ ಹಾಕಿದರು. ಏನು ಕೇಳಿದರೆಂದು ನನಗೆ ತಿಳಿಯಲಿಲ್ಲ. ಅದಕ್ಕೊಂದು ಮಾತು ಕಟ್ಟಿ ಅವರ ಬಾಯಿಗೆ ಇಡುವುದು ಸುಲಭ. ಇಡುವುದಿಲ್ಲ. ಎರಡು ದಿನ ಕಳೆದು ಹೋಗಿಬಿಟ್ಟರು. ಕಬಿನಿ ತುಂಬಿದೆ ಎಂದು ಪತ್ರಿಕೆಯಲ್ಲಿ ಬಂದಿದ್ದ ವಾರವೇ. ಗಂಡ ಗಾಡಿ ಮಾರಿದರು. ಈಗ ನಮ್ಮ ಬೀದಿಯಲ್ಲಿ ಶನಿವಾರದ ಬೆಳಗಿನ ಜಾವ ಹಾಲಿನವರ ಸ್ಕೂಟರ್ ಬಿಟ್ಟರೆ ಸದ್ದಿಲ್ಲ.

ಈ ಬೇಸಿಗೆ ನೀರು ಇಳಿದಿದೆ ಎಂದು ಗೊತ್ತಾಗಿ ಒಬ್ಬನೇ ಹೋದೆ. ದೋಣಿಯ ತುಂಬ ಅಪರಿಚಿತರು. ಆ ದಿನ ಹುಲಿ ಬರಲಿಲ್ಲ, ಯಾರೂ ಅಡ್ಡ ಬರಲಿಲ್ಲ. ದೋಣಿಯವನನ್ನು ಕೇಳಿಕೊಂಡಾಗ ಏನೂ ವಾದಿಸದೆ ಎರಡನೆಯ ತಿರುವು ದಾಟಿಸಿ ಎಂಜಿನ್ ಆರಿಸಿದ. ಅಷ್ಟು ಸುಲಭ. ಆ ಸುಲಭಕ್ಕೇ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಎಡದಂಡೆಯಲ್ಲಿ ಕೆಸರು ಬಿಸಿಲಿಗೆ ಸೀಳುಬಿಟ್ಟಿತ್ತು. ಕೆಸರಿನ ತುಂಬ ಮೋಟುಗಳು. ಕಪ್ಪಗೆ, ಮೊಣಕಾಲೆತ್ತರ, ನೂರಾರು. ಸಾಲು ಹುಡುಕಿದೆ. ಒಂದು ಕಡೆಯಿಂದ ನೋಡಿದರೆ ಸಾಲು ಇದ್ದಂತೆ, ದೋಣಿ ಸ್ವಲ್ಪ ತೇಲಿದರೆ ಇಲ್ಲದಂತೆ. ಮುಳುಗಡೆಗೆ ಮೊದಲು ಕಡಿದ ಕಾಡಿನ ಮರಗಳ ಬುಡ ಯಾವುದು, ಆನೆ ತಡೆಯಲು ನೆಟ್ಟ ಕಂಬ ಯಾವುದು, ಹೇಳಬಲ್ಲವರು ಒಬ್ಬರೂ ದೋಣಿಯಲ್ಲಿರಲಿಲ್ಲ. ಎರಡು ಮೋಟುಗಳ ನಡುವೆ ಒಂದು ಕೊಕ್ಕರೆ ನಿಂತಿತ್ತು.

ಹಿಂದಿನ ಸಾಲಿನಲ್ಲಿ ಮೊಮ್ಮಗಳ ಜತೆ ಬಂದಿದ್ದ ಹಿರಿಯರೊಬ್ಬರು ಮುಂದೆ ಬಾಗಿ ಕೇಳಿದರು.

"ಏನು ಸಾರ್ ಅಲ್ಲಿ? ಬಹಳ ಹೊತ್ತಿಂದ ನೋಡ್ತಿದೀರಿ."

"ಖೆಡ್ಡಾ ಆಗಿದ್ದ ಜಾಗ ಇರಬೇಕು" ಅಂದೆ.

"ಎಲ್ಲಿ? ಯಾವುದು?"

"ಆ ಮೋಟುಗಳಲ್ಲಿ ಯಾವುದೋ. ಯಾವುದು ಮರ, ಯಾವುದು ಕಂಬ ಗೊತ್ತಿಲ್ಲ."

ಅವರು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದರು. ನಿಜವಾಗಿಯೂ ನೋಡಿದರು. ಇನ್ನೇನಾದರೂ ಹೇಳುತ್ತೇನೆಂದು ಕಾದರು. ಹೇಳಬೇಕಾದದ್ದೆಲ್ಲ ನನ್ನ ಬಾಯಲ್ಲೇ ಇತ್ತು: ಹೊಳೆ, ತಮಟೆ, ಗೋಣಿತಾಟು, ಕಾಲುಗಳು, ಅದುರಿದ ನೆಲ. ಯಾವುದನ್ನು ಮೊದಲು ಹೇಳುವುದು, ಅದರಲ್ಲಿ ಎಷ್ಟು ನಿಜ ಎಂದು ನಾನು ಲೆಕ್ಕ ಹಾಕುತ್ತಿರುವಾಗ ಮೊಮ್ಮಗಳು ಅವರ ತೋಳು ಜಗ್ಗಿ, ಬಲದಂಡೆಯಲ್ಲಿ ಮೊಸಳೆ ಇದೆ ಅಂದಳು. ಅವರು ಸಂಕೋಚದಿಂದ ನನ್ನ ಕಡೆ ನಕ್ಕು ಆ ಕಡೆ ಎದ್ದು ಹೋದರು.

ಅಕ್ಕನಾಗಿದ್ದರೆ ಅವರನ್ನು ಬಿಡುತ್ತಿರಲಿಲ್ಲ.